ಒಂದು ಎಂಬಿಯ ಜಗಳ ಮತ್ತು ಗೆದ್ದವರ ಬಾಕಿ

ಬಿಟ್‌ಕಾಯಿನ್ ಜಾಲ ಹುಟ್ಟುವ ಮೊದಲೇ ಅದರ ಸಾಮರ್ಥ್ಯದ ಬಗ್ಗೆ ತಕರಾರು ಹುಟ್ಟಿತ್ತು. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನವರು ಬ್ಯಾಂಕಿನ ಹಂಗಿಲ್ಲದೆ ನಡೆಯುವ ಈ ಡಿಜಿಟಲ್ ಹಣದ ಬಗ್ಗೆ ತಮ್ಮ ಒಂಬತ್ತು ಪುಟದ ಬರಹವನ್ನು ಕ್ರಿಪ್ಟೋಗ್ರಫಿ ಬಲ್ಲವರ ಒಂದು ಗುಂಪಿನ ಮುಂದಿಟ್ಟರು. ಎರಡು ದಿನದ ನಂತರ ಜೇಮ್ಸ್ ಡೊನಾಲ್ಡ್ ಎಂಬುವರು ಉತ್ತರ ಬರೆದರು. ಇಂಥದ್ದೊಂದು ವ್ಯವಸ್ಥೆ ನಮಗೆ ಬೇಕೇ ಬೇಕು, ಆದರೆ ಬೇಕಾದಷ್ಟು ದೊಡ್ಡದಾಗಿ ಇದು ಬೆಳೆಯುವ ಹಾಗೆ ಕಾಣುತ್ತಿಲ್ಲ ಅಂದರು. ಸತೋಶಿ ಅದಕ್ಕೆ ಲೆಕ್ಕ ಕೊಟ್ಟರು. ವೀಸಾ ಕಂಪನಿ ಆ ವರ್ಷ 3,700 ಕೋಟಿ ವಹಿವಾಟು ನಡೆಸಿದೆ, ಅಂದರೆ ದಿನಕ್ಕೆ ಸುಮಾರು 10 ಕೋಟಿ. ಅಷ್ಟನ್ನೂ ಸಾಗಿಸಲು ದಿನಕ್ಕೆ 100 ಜಿಬಿ ಇಂಟರ್ನೆಟ್ ಸಾಕು, ಅದಕ್ಕೆ ಆಗುವ ಖರ್ಚು 18 ಡಾಲರ್ ಅಂತ ತೋರಿಸಿದರು. ಅದೇ ಉತ್ತರದಲ್ಲಿ ಇನ್ನೊಂದು ಮಾತೂ ಇತ್ತು. ಶುರುವಿನಲ್ಲಿ ಬಳಸುವವರಲ್ಲಿ ಹೆಚ್ಚಿನವರು ನೋಡ್, ಅಂದರೆ ಜಾಲದ ಲೆಕ್ಕ ಇಟ್ಟು ಪರೀಕ್ಷಿಸುವ ಕಂಪ್ಯೂಟರ್, ನಡೆಸುತ್ತಾರೆ, ಜಾಲ ಬೆಳೆದ ಹಾಗೆ ಆ ಕೆಲಸ ಸರ್ವರ್‌ಗಳ ಸಾಲು ಇಟ್ಟುಕೊಂಡ ಪರಿಣತರ ಕೈಗೆ ಹೋಗುತ್ತದೆ ಎಂದು ಅವರು ಬರೆದಿದ್ದರು.

ಏಳು ವರ್ಷದ ನಂತರ ನಡೆದ ದೊಡ್ಡ ಜಗಳದ ಬೇರು ಈ ಎರಡನೇ ಮಾತಿನಲ್ಲಿದೆ. 2015ರಿಂದ 2017ರವರೆಗೆ ಬಿಟ್‌ಕಾಯಿನ್ ಲೋಕ ಒಂದು ಸಂಖ್ಯೆಯ ಮೇಲೆ ಹೊಡೆದಾಡಿತು. ಬ್ಲಾಕ್, ಅಂದರೆ ವಹಿವಾಟುಗಳನ್ನು ಒಟ್ಟಿಗೆ ಕಟ್ಟಿ ಲೆಕ್ಕಕ್ಕೆ ಸೇರಿಸುವ ಕಂತೆ, ಎಷ್ಟು ದೊಡ್ಡದಿರಬೇಕು? ಅದನ್ನು 'ಬ್ಲಾಕ್ ಸೈಜ್ ವಾರ್' ಅಂತಲೇ ಕರೆಯುತ್ತಾರೆ. ಹೊರಗಿನಿಂದ ನೋಡಿದವರಿಗೆ ಇದು ಎಂಜಿನಿಯರ್‌ಗಳ ಹಟ ಅನಿಸಿರಬಹುದು. ನನಗೆ ಹಾಗೆ ಅನಿಸಿಲ್ಲ. ಹಣದ ನಿಯಮವನ್ನು ಯಾರು ಬದಲಾಯಿಸಬಹುದು, ಬೇಡ ಅನ್ನುವ ಹಕ್ಕು ಯಾರಿಗೆ ಇರಬೇಕು ಎಂಬ ಪ್ರಶ್ನೆ ಇಷ್ಟು ಬೆತ್ತಲೆಯಾಗಿ ಎದುರಿಗೆ ಬಂದು ನಿಂತದ್ದು ನಮ್ಮ ಕಾಲದಲ್ಲಿ ತುಂಬಾ ಕಡಿಮೆ.

ಮಿತಿ ಬಂದದ್ದು ಹೇಗೆ ಅನ್ನುವುದನ್ನು ಮೊದಲು ಹೇಳಬೇಕು. ಶುರುವಿನ ಬಿಟ್‌ಕಾಯಿನ್‌ನಲ್ಲಿ ಒಂದು ಬ್ಲಾಕ್ 1 ಎಂಬಿ ದಾಟಬಾರದು ಎಂಬ ನಿಯಮವೇ ಇರಲಿಲ್ಲ. 2010ರಲ್ಲಿ ಸತೋಶಿ ಅದನ್ನು ಕೋಡ್‌ಗೆ ಸೇರಿಸಿದರು. ದೊಡ್ಡ ವಿವರಣೆ ಏನೂ ಕೊಡಲಿಲ್ಲ. ಯಾರಾದರೂ ಬೇಕಂತಲೇ ಭಾರಿ ಬ್ಲಾಕ್ ಮಾಡಿ ಜಾಲವನ್ನು ಕೆಡಿಸದಿರಲಿ ಎಂಬುದು ಕಾರಣ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆಗಿನ ಬ್ಲಾಕ್‌ಗಳು ಎಷ್ಟು ಚಿಕ್ಕವೆಂದರೆ ಆ ಮಿತಿ ಯಾರ ಕಾಲಿಗೂ ತೊಡರುತ್ತಿರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಜೆಫ್ ಗಾರ್ಜಿಕ್ ಎಂಬ ಡೆವಲಪರ್ ಮಿತಿಯನ್ನು ಏಳು ಎಂಬಿಗೆ ಏರಿಸುವ ಕೋಡ್ ಮುಂದಿಟ್ಟರು. ಸತೋಶಿ ಬೇಡ ಅಂದರು. ಅದನ್ನು ಹಾಕಿಕೊಂಡರೆ ನೀವು ಜಾಲದ ಉಳಿದವರಿಗೆ ಹೊಂದದೆ ಹೋಗುತ್ತೀರಿ, ಬೇಕಾದಾಗ ಹಂತ ಹಂತವಾಗಿ ಏರಿಸೋಣ ಅಂತ ಹೇಳಿ ಒಂದು ಮಾದರಿಯನ್ನೂ ಬರೆದು ತೋರಿಸಿದರು. ಇಂತಿಷ್ಟನೇ ಬ್ಲಾಕ್ ದಾಟಿದ ಮೇಲೆ ಹೊಸ ಮಿತಿ ಜಾರಿಗೆ ಬರಲಿ. ಆ ನಂಬರ್ ತುಂಬಾ ಮುಂದಿರಲಿ, ಅಷ್ಟರಲ್ಲಿ ಹಳೆಯ ಆವೃತ್ತಿಗಳು ತಾವಾಗಿಯೇ ಬಳಕೆ ತಪ್ಪಿರುತ್ತವೆ. ಸರಳವಾದ ಮಾತು. ಮಾರನೇ ವರ್ಷ ಸತೋಶಿ ಕಾಣೆಯಾದರು. ಕೋಡ್ ನೋಡಿಕೊಳ್ಳುವ ಜವಾಬ್ದಾರಿ ಗ್ಯಾವಿನ್ ಆಂಡ್ರೆಸನ್ ಎಂಬ ಡೆವಲಪರ್ ಹೆಗಲಿಗೆ ಬಂತು. ಮಿತಿ ಹಾಗೇ ಉಳಿಯಿತು.

ಹತ್ತು ನಿಮಿಷಕ್ಕೆ ಒಂದು ಬ್ಲಾಕ್. ಅದರಲ್ಲಿ 1 ಎಂಬಿ ಜಾಗ. ಒಂದು ವಹಿವಾಟಿಗೆ 250 ಬೈಟ್ ಅಂತ ಹಿಡಿದರೂ ಬ್ಲಾಕ್‌ಗೆ ನಾಲ್ಕು ಸಾವಿರ, ಸೆಕೆಂಡಿಗೆ ಸುಮಾರು ಏಳು. ಆಗಿನ ನಿಜವಾದ ವಹಿವಾಟುಗಳು ಇದಕ್ಕಿಂತ ದೊಡ್ಡವಾಗಿದ್ದರಿಂದ ಸೆಕೆಂಡಿಗೆ ಮೂರೋ ನಾಲ್ಕೋ ಸಿಗುತ್ತಿತ್ತು. ನಮ್ಮ ಯುಪಿಐ 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟಿತು. ಅಂದರೆ ಹಗಲು ರಾತ್ರಿ ಸರಾಸರಿ ಹಿಡಿದರೂ ಸೆಕೆಂಡಿಗೆ ಏಳು ಸಾವಿರಕ್ಕೂ ಜಾಸ್ತಿ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಬಿಟ್‌ಕಾಯಿನ್ ಆಟಿಕೆಯ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಯುಪಿಐ ಹಿಂದೆ ಅದನ್ನು ನಡೆಸುವ ಎನ್‌ಪಿಸಿಐ ಇದೆ, ಬ್ಯಾಂಕುಗಳಿವೆ, ರಿಸರ್ವ್ ಬ್ಯಾಂಕ್ ಇದೆ. ಸಾಮರ್ಥ್ಯ ಸಾಲದಿದ್ದರೆ ಅವರೇ ಸೇರಿ ಸರ್ವರ್ ಜಾಸ್ತಿ ಮಾಡುತ್ತಾರೆ. ನಾವು ಯಾರೂ ಅದನ್ನು ಒಪ್ಪಬೇಕಾಗಿಲ್ಲ. ಅವರು ಇಟ್ಟ ಲೆಕ್ಕವನ್ನು ನಾವು ಪರೀಕ್ಷಿಸುವುದೂ ಇಲ್ಲ, ನಂಬುತ್ತೇವೆ. ನಾನೂ ದಿನಾ ಯುಪಿಐ ಬಳಸುತ್ತೇನೆ, ನಂಬಿಯೇ ಬಳಸುತ್ತೇನೆ. ಬಿಟ್‌ಕಾಯಿನ್ ಮಾಡಹೊರಟದ್ದು ಇನ್ನೊಂದು ಕೆಲಸ.

ನಮ್ಮ ಮನೆಯಲ್ಲಿ ರೂಟರ್ ಪಕ್ಕ ಒಂದು ಪುಟ್ಟ ಕಂಪ್ಯೂಟರ್ ಇದೆ. ಅದರಲ್ಲಿ ಬಿಟ್‌ಕಾಯಿನ್ ನೋಡ್ ಓಡುತ್ತದೆ. ಅದು ಮೈನಿಂಗ್, ಅಂದರೆ ಹೊಸ ಬ್ಲಾಕ್ ಮಾಡಿ ಬಹುಮಾನದ ನಾಣ್ಯ ಪಡೆಯುವ ಕೆಲಸ, ಮಾಡುವುದಿಲ್ಲ, ಒಂದು ಪೈಸೆ ಗಳಿಸುವುದಿಲ್ಲ. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಇವತ್ತಿನವರೆಗಿನ ಬ್ಲಾಕ್‌ಗಳನ್ನೆಲ್ಲ ಇಳಿಸಿಕೊಂಡು, ಅವು ನಿಯಮಕ್ಕೆ ಸರಿಯಿವೆಯೇ ಎಂದು ತಾನೇ ನೋಡಿದೆ. ಯಾರಾದರೂ ಇಲ್ಲದ ನಾಣ್ಯ ಸೃಷ್ಟಿಸಿದರೇ? ಒಂದೇ ನಾಣ್ಯವನ್ನು ಎರಡು ಸಲ ಖರ್ಚು ಮಾಡಿದರೇ? 2.1 ಕೋಟಿ ನಾಣ್ಯದ ಮಿತಿ ಹಾಗೇ ಇದೆಯೇ? ಇದಕ್ಕೆಲ್ಲ ನಾನು ಯಾರ ಮಾತನ್ನೂ ನಂಬಬೇಕಾಗಿಲ್ಲ. ಇಷ್ಟಕ್ಕೆ ಬೇಕಾದದ್ದು ಒಂದು ಟಿಬಿಯ ಡಿಸ್ಕ್, ಸಾಧಾರಣ ಬ್ರಾಡ್‌ಬ್ಯಾಂಡ್ ಮತ್ತು ಸ್ವಲ್ಪ ಕರೆಂಟು. ಈ ನೋಡ್‌ನ ಮೇಲೆ ನನಗಿರುವ ಪ್ರೀತಿಯನ್ನು ಮುಚ್ಚಿಡುವುದಿಲ್ಲ. ಮುಂದೆ ಹೇಳುವುದನ್ನೆಲ್ಲ ಅದನ್ನು ತಿಳಿದೇ ಓದಿ.

ಇಲ್ಲಿ ಎರಡು ಬಗೆಯ ಖರ್ಚುಗಳಿವೆ. ಜಾಲವನ್ನು ಬಳಸಲು ಕೊಡುವ ಶುಲ್ಕ ಒಂದು. ಜಾಲವನ್ನು ಪರೀಕ್ಷಿಸಲು ಆಗುವ ಖರ್ಚು ಇನ್ನೊಂದು. ಬ್ಲಾಕ್ ಚಿಕ್ಕದಾದರೆ ಪರೀಕ್ಷಿಸುವುದು ಅಗ್ಗ, ಜನ ಜಾಸ್ತಿಯಾದಾಗ ಬಳಸುವುದು ದುಬಾರಿ. ಬ್ಲಾಕ್ ದೊಡ್ಡದಾದರೆ ಬಳಸುವುದು ಅಗ್ಗ, ಪರೀಕ್ಷಿಸುವುದು ದುಬಾರಿ. ಪರೀಕ್ಷಿಸುವವರು ಕಡಿಮೆಯಾದ ಹಾಗೆ, ಉಳಿದವರೆಲ್ಲ ಅವರನ್ನು ನಂಬುವ ಸ್ಥಿತಿಗೆ ಬರುತ್ತೇವೆ. ಜಗಳದ ಎರಡೂ ಕಡೆಯವರು ಬಡವರ ಪರ ಮಾತಾಡುತ್ತಿದ್ದರು, ಆದರೆ ಬೇರೆ ಬೇರೆ ಖರ್ಚನ್ನು ಮನಸ್ಸಿನಲ್ಲಿಟ್ಟುಕೊಂಡು. ಬಡವನಿಗೆ ಹಣ ಕಳಿಸಲು ಆಗಬೇಕು ಅಂತ ಒಬ್ಬರು. ಬಡವನೂ ತನ್ನ ಲೆಕ್ಕವನ್ನು ತಾನೇ ನೋಡಲು ಆಗಬೇಕು ಅಂತ ಇನ್ನೊಬ್ಬರು.

2015ರ ಮೇ ತಿಂಗಳಲ್ಲಿ ಗ್ಯಾವಿನ್ 20 ಎಂಬಿ ಬ್ಲಾಕ್ ಬೇಕು ಎಂದು ವಾದಿಸಿದರು. ಚೀನಾದ ಐದು ದೊಡ್ಡ ಮೈನಿಂಗ್ ಪೂಲ್‌ಗಳು (ಮೈನಿಂಗ್ ಮಾಡುವವರ ಕೂಟಗಳು) ತಮ್ಮ ದೇಶದ ಇಂಟರ್ನೆಟ್‌ಗೆ ಅಷ್ಟು ತಡೆಯುವುದಿಲ್ಲ, ಎಂಟಾದರೆ ಸರಿ ಅಂದವು. ಹಾಗಾಗಿ ಗ್ಯಾವಿನ್ ಬರೆದ ಬಿಐಪಿ 101 ಎಂಬ ನಿಯಮ ಬದಲಾವಣೆಯ ಪ್ರಸ್ತಾವ ಎಂಟು ಎಂಬಿಯಿಂದ ಶುರುವಾಯಿತು. ಅಲ್ಲಿಂದ ಎರಡು ವರ್ಷಕ್ಕೊಮ್ಮೆ ಎರಡು ಪಟ್ಟು ಆಗುತ್ತಾ 2036ಕ್ಕೆ 8 ಜಿಬಿ ತಲುಪುವುದು ಯೋಜನೆ. ಅದು ಗರಿಷ್ಠ ಮಿತಿ ಅಷ್ಟೇ, ಅಷ್ಟೂ ತುಂಬಲೇಬೇಕು ಅಂತೇನಿಲ್ಲ. ಆದರೂ ಲೆಕ್ಕ ಹಾಕಿ ನೋಡಿ. ದಿನಕ್ಕೆ 144 ಬ್ಲಾಕ್. ತುಂಬಿದ ದಿನ ಒಂದು ಟಿಬಿಗಿಂತ ಜಾಸ್ತಿ ಡೇಟಾ. ಎಂಟು ಎಂಬಿಯಲ್ಲೇ ನಿಂತರೂ ವರ್ಷಕ್ಕೆ 420 ಜಿಬಿ.

ಡಿಸ್ಕ್ ಅಗ್ಗವಾಗುತ್ತಿದೆ ಎಂದು ದೊಡ್ಡ ಬ್ಲಾಕ್ ಬೇಕೆಂದವರು ಹೇಳಿದ್ದು ನಿಜವೇ. ಆದರೆ ತೊಂದರೆ ಬರೀ ಡಿಸ್ಕ್‌ನದಾಗಿರಲಿಲ್ಲ. 2015ರ ಜುಲೈನಲ್ಲಿ ಎಫ್2ಪೂಲ್ ಎಂಬ ಮೈನಿಂಗ್ ಪೂಲ್, ಜಾಲದಲ್ಲಿ ಬಿದ್ದಿದ್ದ ಕಸದಂಥ ಪುಡಿ ಮೊತ್ತಗಳನ್ನೆಲ್ಲ ಗುಡಿಸಿ ಒಂದೇ ವಹಿವಾಟಿನಲ್ಲಿ ಸೇರಿಸಿತು. ಅದೊಂದೇ ಸುಮಾರು ಒಂದು ಎಂಬಿ ಆಯಿತು. ಅದನ್ನು ಪರೀಕ್ಷಿಸಲು ಕಂಪ್ಯೂಟರ್‌ಗಳಿಗೆ 25 ಸೆಕೆಂಡ್ ಬೇಕಾಯಿತು. ಆಗಿನ ನಿಯಮದಲ್ಲಿ ವಹಿವಾಟಿನ ಗಾತ್ರ ಎರಡು ಪಟ್ಟಾದರೆ, ನಾಣ್ಯ ತನ್ನದೇ ಎಂದು ತೋರಿಸುವ ಡಿಜಿಟಲ್ ಸಹಿಗಳನ್ನು ಪರೀಕ್ಷಿಸುವ ಕೆಲಸ ನಾಲ್ಕು ಪಟ್ಟಾಗುತ್ತಿತ್ತು. ಎಂಟು ಎಂಬಿಯ ಅಂಥದ್ದೊಂದು ಬಂದರೆ ಏನಾಗುತ್ತಿತ್ತು ಎಂದು ಯೋಚಿಸಿ. ಇನ್ನೊಂದು, ಬ್ಲಾಕ್ ಜಾಲದ ತುಂಬ ಹರಡುವ ವೇಗ. ಒಬ್ಬ ಮೈನರ್ ಮಾಡಿದ ಬ್ಲಾಕ್ ಉಳಿದವರಿಗೆ ತಡವಾಗಿ ತಲುಪಿದರೆ, ಅಷ್ಟು ಹೊತ್ತೂ ಅವರು ಹಳೆಯ ಬ್ಲಾಕ್‌ನ ಮೇಲೆ ಸುಮ್ನೆ ಕರೆಂಟು ಸುಡುತ್ತಾರೆ. ದೊಡ್ಡ ಪೂಲ್‌ಗೆ ತನ್ನ ಬ್ಲಾಕ್ ತಕ್ಷಣ ಗೊತ್ತಿರುತ್ತದೆ. ಚಿಕ್ಕವರಿಗೆ ನಷ್ಟ. ಹೀಗೆ ಬ್ಲಾಕ್ ಊದಿದಷ್ಟೂ ಚಿಕ್ಕ ಮೈನರ್‌ಗಳು ದೊಡ್ಡವರ ನೆರಳಿಗೆ ಸರಿಯುತ್ತಾರೆ.

ಆಗಸ್ಟ್‌ನಲ್ಲಿ ಗ್ಯಾವಿನ್ ಮತ್ತು ಮೈಕ್ ಹರ್ನ್ ಎಂಬ ಇನ್ನೊಬ್ಬ ಡೆವಲಪರ್ ಬಿಐಪಿ 101 ಅನ್ನು ಬಿಟ್‌ಕಾಯಿನ್ ಎಕ್ಸ್‌ಟಿ ಎಂಬ ಬೇರೆ ಆವೃತ್ತಿಯ ತಂತ್ರಾಂಶದಲ್ಲಿ ಹೊರಬಿಟ್ಟರು. ಕೊನೆಯ ಸಾವಿರ ಬ್ಲಾಕ್‌ಗಳಲ್ಲಿ 750 ಬೆಂಬಲ ಸೂಚಿಸಿದರೆ ಹೊಸ ಮಿತಿ ಜಾರಿ. ಆಮೇಲೆ ನಡೆದದ್ದು ಚೆನ್ನಾಗಿರಲಿಲ್ಲ. ಎಕ್ಸ್‌ಟಿ ಓಡಿಸುತ್ತಿದ್ದವರ ನೋಡ್‌ಗಳ ಮೇಲೆ ದಾಳಿಗಳಾದವು. ಚರ್ಚೆ ನಡೆಯಬೇಕಾದ ಜಾಗಗಳಲ್ಲೇ ದೊಡ್ಡ ಬ್ಲಾಕ್ ಪರವಾದ ಮಾತುಗಳನ್ನು ಅಳಿಸಿ ಹಾಕಿದರು. ಚಿಕ್ಕ ಬ್ಲಾಕ್ ಪಕ್ಷದ ವಾದ ನನಗೆ ಸರಿ ಕಂಡರೂ ಆ ಪಕ್ಷದ ಕೆಲವರು ನಡೆದುಕೊಂಡ ರೀತಿಯನ್ನು ಒಪ್ಪಲು ಆಗುವುದಿಲ್ಲ. ವಾದ ಗಟ್ಟಿಯಿದ್ದವರಿಗೆ ಎದುರಿನವರ ಬಾಯಿ ಮುಚ್ಚಿಸುವ ಅಗತ್ಯ ಏನಿತ್ತು? 2016ರ ಜನವರಿಯಲ್ಲಿ ಮೈಕ್ ಹರ್ನ್ ಬಿಟ್‌ಕಾಯಿನ್ ಸೋತಿದೆ ಎಂದು ಬರೆದು, ತಮ್ಮಲ್ಲಿದ್ದ ನಾಣ್ಯಗಳನ್ನು ಮಾರಿ ಹೊರಟುಹೋದರು. ಅದೇ ವರ್ಷ ಮೇ ತಿಂಗಳಲ್ಲಿ, ಕ್ರೇಗ್ ರೈಟ್ ಎಂಬುವನೇ ಸತೋಶಿ ಎಂದು ಗ್ಯಾವಿನ್ ನಂಬಿ ಸಾಕ್ಷಿ ನುಡಿದ ಮೇಲೆ ಕೋಡ್ ಬದಲಿಸುವ ಅವರ ಅಧಿಕಾರವನ್ನು ಉಳಿದ ಡೆವಲಪರ್‌ಗಳು ತೆಗೆದರು. ರೈಟ್ ಸತೋಶಿ ಅಲ್ಲವೆಂದು ಇಂಗ್ಲೆಂಡಿನ ಹೈಕೋರ್ಟ್ 2024ರಲ್ಲಿ ಹೇಳಿತು. ಶುರುವಿನ ಕಷ್ಟದ ವರ್ಷಗಳಲ್ಲಿ ಈ ಕೋಡನ್ನು ಮಗುವಿನಂತೆ ನೋಡಿಕೊಂಡ ಗ್ಯಾವಿನ್ ಹೀಗೆ ಬದಿಗೆ ಸರಿದದ್ದು ನನಗೆ ಈಗಲೂ ನೋವಿನ ಸಂಗತಿ.

ಇದೆಲ್ಲದರ ನಡುವೆ 2015ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ಸಭೆಯಲ್ಲಿ ಪೀಟರ್ ವುಯಿಲೆ ಎಂಬ ಡೆವಲಪರ್ ಒಂದು ಜಾಣ ದಾರಿ ತೋರಿಸಿದರು. ಅದರ ಹೆಸರು ಸೆಗ್ವಿಟ್. ಪ್ರತಿ ವಹಿವಾಟಿನಲ್ಲೂ ಸಹಿಯ ಭಾಗ ಬಹಳ ಜಾಗ ತಿನ್ನುತ್ತದೆ. ಆ ಸಹಿಯನ್ನು ಬೇರೆ ಮಾಡಿ ಪಕ್ಕಕ್ಕಿಡೋಣ. ಅದಕ್ಕೆ ಕಾಲು ಭಾಗದಷ್ಟೇ ತೂಕ ಹಾಕೋಣ. ಹಳೆಯ ನೋಡ್‌ಗಳಿಗೆ ಬ್ಲಾಕ್ 1 ಎಂಬಿಯ ಒಳಗೇ ಕಾಣುತ್ತದೆ, ಅವು ತಕರಾರಿಲ್ಲದೆ ಒಪ್ಪುತ್ತವೆ. ಹೊಸ ನೋಡ್‌ಗಳು ಪಕ್ಕದ ಭಾಗವನ್ನೂ ಸೇರಿಸಿ ನೋಡುತ್ತವೆ. ಲೆಕ್ಕದಲ್ಲಿ 4 ಎಂಬಿವರೆಗೆ ಹೋಗಬಹುದು, ದಿನನಿತ್ಯದ ಬಳಕೆಯಲ್ಲಿ ಹೆಚ್ಚುಕಡಿಮೆ ಎರಡು. ಸಹಿ ಪರೀಕ್ಷೆಯ ಆ ನಾಲ್ಕು ಪಟ್ಟಿನ ತೊಂದರೆಯೂ ಹೊಸ ಬಗೆಯ ವಹಿವಾಟುಗಳಲ್ಲಿ ನೀಗಿತು. ಹೀಗೆ ಹಳಬರನ್ನು ಹೊರಹಾಕದೆ ನಿಯಮ ಬದಲಿಸುವುದಕ್ಕೆ ಸಾಫ್ಟ್ ಫೋರ್ಕ್ ಎನ್ನುತ್ತಾರೆ. ಮಿತಿಯನ್ನೇ ನೇರವಾಗಿ ಏರಿಸಿದರೆ ಹಳೆಯ ನೋಡ್‌ಗಳು ಹೊಸ ಬ್ಲಾಕನ್ನು ತಿರಸ್ಕರಿಸುತ್ತವೆ, ಎಲ್ಲರೂ ಒಟ್ಟಿಗೆ ಬದಲಾಗಬೇಕು, ಇಲ್ಲದಿದ್ದರೆ ಜಾಲ ಎರಡಾಗುತ್ತದೆ. ಅದು ಹಾರ್ಡ್ ಫೋರ್ಕ್.

ಸೆಗ್ವಿಟ್ ಜಾರಿಯಾಗಲು ಮೈನರ್‌ಗಳಲ್ಲಿ ಶೇ 95ರಷ್ಟು ಒಪ್ಪಿಗೆ ಬೇಕಿತ್ತು. 2016ರ ನವೆಂಬರ್‌ನಲ್ಲಿ ಎಣಿಕೆ ಶುರುವಾಯಿತು. ಅರ್ಧವನ್ನೂ ಮುಟ್ಟದೆ ತಿಂಗಳುಗಟ್ಟಲೆ ನಿಂತಿತು. ಮೈನರ್‌ಗಳಲ್ಲಿ ಅನೇಕರು ದೊಡ್ಡ ಬ್ಲಾಕ್ ಕೊಟ್ಟರೆ ಮಾತ್ರ ಸೆಗ್ವಿಟ್ ಅಂತ ಕೂತರು. 2017ರ ಮೇ 23ರಂದು ನ್ಯೂಯಾರ್ಕ್ ಒಪ್ಪಂದ ಹೊರಬಿತ್ತು. 22 ದೇಶಗಳ 58 ಕಂಪನಿಗಳು ಸಹಿ ಹಾಕಿದ್ದವು. ಮೈನಿಂಗ್ ಶಕ್ತಿಯಲ್ಲಿ ಶೇ 83ಕ್ಕಿಂತ ಹೆಚ್ಚು ಇವರ ಜೊತೆಗಿತ್ತು. ಮೊದಲು ಸೆಗ್ವಿಟ್, ಆರು ತಿಂಗಳೊಳಗೆ 2 ಎಂಬಿಯ ಹಾರ್ಡ್ ಫೋರ್ಕ್. ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಯುನೊಕಾಯಿನ್ ಹೆಸರೂ ಇತ್ತು. ದೊಡ್ಡ ಕಂಪನಿಗಳು, ದೊಡ್ಡ ಪೂಲ್‌ಗಳು, ದೊಡ್ಡ ವಾಲೆಟ್‌ಗಳು ಎಲ್ಲ ಒಂದೇ ಕಡೆ. ಕಾಗದದ ಮೇಲೆ ನೋಡಿದರೆ ವಿಷಯ ಮುಗಿದ ಹಾಗೆಯೇ.

ಮುಗಿಯಲಿಲ್ಲ. ಅದಕ್ಕಿಂತ ಎರಡು ತಿಂಗಳ ಮುಂಚೆ ಶಾವೊಲಿನ್‌ಫ್ರೈ ಎಂಬ ಅಡ್ಡಹೆಸರಿನ ಒಬ್ಬರು ಬಿಐಪಿ 148 ಎಂಬ ಪ್ರಸ್ತಾವ ಇಟ್ಟಿದ್ದರು. ಮೈನರ್‌ಗಳ ಒಪ್ಪಿಗೆಗೆ ಕಾಯುವುದು ಬೇಡ. ಆಗಸ್ಟ್ 1ರಿಂದ, ಸೆಗ್ವಿಟ್‌ಗೆ ಬೆಂಬಲ ಸೂಚಿಸದ ಬ್ಲಾಕ್‌ಗಳನ್ನು ನಮ್ಮ ನೋಡ್‌ಗಳು ಒಪ್ಪುವುದೇ ಇಲ್ಲ. ಇದನ್ನು ಓಡಿಸಿದವರು ಜಾಲದಲ್ಲಿ ಅಲ್ಪಸಂಖ್ಯಾತರು. ಆದರೂ ಅದು ಕೆಲಸ ಮಾಡಿತು. ಯಾಕೆ ಅಂತ ಯೋಚಿಸಿದಾಗ ನನಗೆ ಈ ಜಾಲ ನಿಜವಾಗಿ ಅರ್ಥವಾಯಿತು. ಮೈನರ್ ಕರೆಂಟು ಬಿಲ್ ಕಟ್ಟುವುದು ರೂಪಾಯಿಯಲ್ಲೋ ಡಾಲರ್‌ನಲ್ಲೋ ಯುವಾನ್‌ನಲ್ಲೋ. ಅದಕ್ಕಾಗಿ ಅವನು ನಾಣ್ಯ ಮಾರಬೇಕು. ಕೊಳ್ಳುವವರ ನೋಡ್ ಆ ಬ್ಲಾಕನ್ನು ಒಪ್ಪದಿದ್ದರೆ ಅವನ ನಾಣ್ಯ ಅವರ ಪಾಲಿಗೆ ನಾಣ್ಯವೇ ಅಲ್ಲ. ಎಷ್ಟು ಯಂತ್ರ ಇದ್ದರೂ ಅಷ್ಟೇ. ಜಾಲ ಒಡೆದರೆ ಯಾವ ಕಡೆಯ ನಾಣ್ಯಕ್ಕೆ ಬೆಲೆ ಉಳಿಯುತ್ತದೋ ಗೊತ್ತಿಲ್ಲದ ಭಯದಲ್ಲಿ ಮೈನರ್‌ಗಳು ಜುಲೈನಲ್ಲೇ ಒಪ್ಪಿಗೆ ಸೂಚಿಸಿದರು. ಆಗಸ್ಟ್ 24ರಂದು ಸೆಗ್ವಿಟ್ ಜಾರಿಗೆ ಬಂತು.

ಒಪ್ಪದವರು ಆಗಸ್ಟ್ 1ರಂದೇ ಬಿಟ್‌ಕಾಯಿನ್ ಕ್ಯಾಶ್ ಎಂದು ಬೇರೆಯಾಗಿದ್ದರು, ಎಂಟು ಎಂಬಿ ಬ್ಲಾಕ್ ಇಟ್ಟುಕೊಂಡು. ನ್ಯೂಯಾರ್ಕ್ ಒಪ್ಪಂದದ ಎರಡನೇ ಭಾಗ, ಅಂದರೆ 2 ಎಂಬಿ, ಉಳಿದಿತ್ತು. ಅಕ್ಟೋಬರ್‌ನಲ್ಲಿ ಬಿಟ್‌ಫಿನೆಕ್ಸ್ ಎಂಬ ವಿನಿಮಯ ಕೇಂದ್ರ, ಜಾಲ ಒಡೆದರೆ ಎರಡು ಕಡೆಯ ನಾಣ್ಯಗಳಿಗೆ ಎಷ್ಟು ಬೆಲೆ ಬರಬಹುದು ಎಂಬುದರ ಮೇಲೆ ಮುಂಗಡ ವ್ಯಾಪಾರಕ್ಕೆ ಅವಕಾಶ ಕೊಟ್ಟಿತು. 2 ಎಂಬಿ ಕಡೆಯ ನಾಣ್ಯಕ್ಕೆ ತುಂಬಾ ಕಡಿಮೆ ಬೆಲೆ ಬಂತು. ನವೆಂಬರ್ 8ರಂದು ಒಪ್ಪಂದದ ಮುಂದಾಳುಗಳೇ ಅದನ್ನು ಕೈಬಿಟ್ಟರು. ಸಾಕಷ್ಟು ಒಮ್ಮತ ಮೂಡಲಿಲ್ಲ ಎಂದು ಕಾರಣ ಕೊಟ್ಟರು.

ಆ ಗೆಲುವು ಸರಿಯಾದದ್ದು ಎಂದು ನಾನು ನಂಬುತ್ತೇನೆ. 2 ಎಂಬಿ ಅನ್ನುವ ಸಂಖ್ಯೆ ಅಪಾಯದ್ದಾಗಿರಲಿಲ್ಲ. ಸೆಗ್ವಿಟ್ ಮೂಲಕ ಬ್ಲಾಕ್‌ಗಳು ಹೇಗೂ ಅದರ ಹತ್ತಿರ ಬಂದವು. ಅಪಾಯ ಇದ್ದದ್ದು ದಾರಿಯಲ್ಲಿ. ಒಂದು ಹೋಟೆಲ್ ಕೋಣೆಯಲ್ಲಿ ಐವತ್ತು ಕಂಪನಿಗಳ ಮುಖ್ಯಸ್ಥರು ಕೂತು ಹಣದ ನಿಯಮ ಬದಲಿಸಬಹುದು ಎಂದಾಗಿದ್ದರೆ, ಇವತ್ತು ಬ್ಲಾಕ್ ಗಾತ್ರ, ನಾಳೆ 2.1 ಕೋಟಿಯ ಮಿತಿ. ಸರ್ಕಾರವೊಂದು ಆ ಐವತ್ತು ಜನರನ್ನು ಕರೆಸಿ ಇಂಥವರ ವಹಿವಾಟು ತಡೆಯಿರಿ ಅಂದರೆ ಮುಗಿಯಿತು.

ಹಾಗಂತ ಗೆದ್ದವರ ಮೇಲೆ ಒಂದು ಬಾಕಿ ಇದೆ. ಅದನ್ನು ಅವರು, ಅಂದರೆ ನನ್ನಂಥವರು, ಸರಿಯಾಗಿ ಒಪ್ಪಿಕೊಂಡೇ ಇಲ್ಲ.

ಒಪ್ಪಂದ ಬಿದ್ದ ಮರುತಿಂಗಳೇ ಜಾಲ ತುಂಬಿ ತುಳುಕಿತು. ಬಿಟ್‌ಕಾಯಿನ್ ಬೆಲೆ 20,000 ಡಾಲರ್ ಹತ್ತಿರ ಹೋಗಿತ್ತು. ಸ್ಟೀಮ್ ಎಂಬ ಗೇಮ್ ಮಾರಾಟದ ಸಂಸ್ಥೆ ಡಿಸೆಂಬರ್ 6ರಂದು ಬಿಟ್‌ಕಾಯಿನ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ನಾವು ಶುರು ಮಾಡಿದಾಗ ವಹಿವಾಟಿಗೆ 20 ಸೆಂಟ್ ಶುಲ್ಕ ಇತ್ತು, ಈಗ 20 ಡಾಲರ್ ಹತ್ತಿರ ಇದೆ ಎಂದು ಅವರು ಹೇಳಿದರು. ಅದೇ ತಿಂಗಳು ಸರಾಸರಿ ಶುಲ್ಕ 50 ಡಾಲರ್ ದಾಟಿತು. ಆಗಿನ ದರದಲ್ಲಿ 3,200 ರೂಪಾಯಿ. ದುಬೈನಲ್ಲಿ ದುಡಿಯುವ ಉಡುಪಿಯ ಹುಡುಗನೊಬ್ಬ ಮನೆಗೆ ಐದು ಸಾವಿರ ಕಳಿಸಲು ನೋಡಿದ್ದರೆ? ಅವನಿಗೆ ಈ ಜಾಲದಲ್ಲಿ ಜಾಗವೇ ಇರಲಿಲ್ಲ. ಅಡ್ಡಿಯಿಲ್ಲದೆ ಯಾರು ಬೇಕಾದರೂ ಬಳಸಬಹುದಾದ ಹಣ ಎಂದು ನಾವು ಹೇಳುತ್ತಿದ್ದೆವು. ಶುಲ್ಕವೂ ಒಂದು ಅಡ್ಡಿಯೇ. ಕೋಟಿ ಕಳಿಸುವವನಿಗೆ 50 ಡಾಲರ್ ಲೆಕ್ಕಕ್ಕಿಲ್ಲ, ಸಾವಿರ ಕಳಿಸುವವನಿಗೆ ಅದೇ ಗೋಡೆ.

ಆ ಗೋಡೆ ಮತ್ತೆ ಮತ್ತೆ ಎದ್ದಿದೆ. 2023ರ ಮೊದಲಲ್ಲಿ ಆರ್ಡಿನಲ್ಸ್ ಎಂಬ ಹೊಸ ಪದ್ಧತಿ ಬಂತು. ಸೆಗ್ವಿಟ್ ಸಹಿಗೆಂದು ಕೊಟ್ಟ ರಿಯಾಯಿತಿ ಜಾಗದಲ್ಲಿ ಜನ ಚಿತ್ರಗಳನ್ನು ತುಂಬಿಸತೊಡಗಿದರು. ಫೆಬ್ರವರಿಯಲ್ಲಿ ಒಂದೇ ಚಿತ್ರ ಹೊತ್ತ ನಾಲ್ಕು ಎಂಬಿಯ ಹತ್ತಿರದ ಬ್ಲಾಕ್ ಒಂದು ಬಂತು. 2024ರ ಏಪ್ರಿಲ್ 20ರಂದು, ಮೈನರ್‌ಗಳ ಬಹುಮಾನ 6.25ರಿಂದ 3.125 ನಾಣ್ಯಕ್ಕೆ ಇಳಿದ ದಿನ, ರೂನ್ಸ್ ಎಂಬ ಟೋಕನ್‌ಗಳ ನೂಕುನುಗ್ಗಲಿನಲ್ಲಿ ಸರಾಸರಿ ಶುಲ್ಕ 100 ಡಾಲರ್‌ಗಿಂತ ಮೇಲೆ ಹೋಯಿತು. ಆಮೇಲೆ ಇಳಿಯಿತು, ಎಷ್ಟೋ ದಿನ ತೀರಾ ಕಡಿಮೆಯೂ ಇರುತ್ತದೆ. ಆದರೆ ಬಡವನಿಗೆ ಬೇಕಾದದ್ದು ಒಂದೊಂದು ದಿನ ಅಗ್ಗವಾಗುವ ಜಾಲ ಅಲ್ಲ. ಬೇಕಾದ ದಿನ ಸಿಗುವ ಜಾಲ.

ಶುಲ್ಕ ಪೂರ್ತಿ ಇಲ್ಲದಿದ್ದರೂ ಕಷ್ಟ ಎಂಬುದು ಇಲ್ಲಿನ ತೊಡಕು. ಬಹುಮಾನ 50 ನಾಣ್ಯದಿಂದ ಶುರುವಾಗಿ ನಾಲ್ಕು ವರ್ಷಕ್ಕೊಮ್ಮೆ ಅರ್ಧ ಆಗುತ್ತಾ ಬಂದಿದೆ. ಕೊನೆಗೆ ಮೈನರ್‌ಗಳು ಶುಲ್ಕದಿಂದಲೇ ಬದುಕಬೇಕು. ಜಾಗ ಯಥೇಚ್ಛವಾಗಿದ್ದರೆ ಯಾರು ಶುಲ್ಕ ಕೊಡುತ್ತಾರೆ? ಮೈನರ್‌ಗಳು ಬಿಟ್ಟು ಹೋದರೆ ಜಾಲಕ್ಕೆ ಕಾವಲು ಯಾರು? ಬಿಟ್‌ಕಾಯಿನ್ ಕ್ಯಾಶ್‌ನಲ್ಲಿ ಇದು ಕಣ್ಣೆದುರಿಗೇ ಇದೆ. ಮಿತಿಯನ್ನು 32 ಎಂಬಿಗೆ ಏರಿಸಿದರು. ಬ್ಲಾಕ್‌ಗಳು ಹೆಚ್ಚಿನ ಸಮಯ ಒಂದು ಎಂಬಿಯನ್ನೂ ತುಂಬುವುದಿಲ್ಲ. 2018ರ ನವೆಂಬರ್‌ನಲ್ಲಿ ಅವರೊಳಗೇ ಜಗಳವಾಗಿ ಬಿಎಸ್‌ವಿ ಎಂಬ ಇನ್ನೊಂದು ನಾಣ್ಯ ಬೇರೆಯಾಯಿತು. 2021ರಲ್ಲಿ ಬಿಎಸ್‌ವಿ ಮೇಲೆ, ಬಹುಪಾಲು ಮೈನಿಂಗ್ ಶಕ್ತಿ ಹಿಡಿದು ಇತಿಹಾಸವನ್ನೇ ತಿದ್ದಿ ಬರೆಯುವ ದಾಳಿ ನಡೆಯಿತು.

ಸಣ್ಣ ವಹಿವಾಟುಗಳಿಗೆ ಚಿಕ್ಕ ಬ್ಲಾಕ್‌ನವರು ಕೊಟ್ಟ ಮಾತು ಲೈಟ್ನಿಂಗ್. ಜೋಸೆಫ್ ಪೂನ್ ಮತ್ತು ಥಡ್ಡಿಯಸ್ ಡ್ರೈಜಾ 2015ರಲ್ಲಿ ಮುಂದಿಟ್ಟ ಯೋಜನೆ ಇದು. ಊರಿನ ಕಿರಾಣಿ ಅಂಗಡಿಯ ತಿಂಗಳ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ದಿನಾ ಬರೆದುಕೊಳ್ಳುತ್ತಾರೆ, ತಿಂಗಳ ಕೊನೆಗೆ ಒಮ್ಮೆ ಚುಕ್ತಾ. ಲೈಟ್ನಿಂಗ್‌ನಲ್ಲೂ ಇಬ್ಬರು ತಮ್ಮ ನಡುವೆ ಒಂದು ಚಾನೆಲ್ ತೆರೆದು, ಎಷ್ಟು ಬಾರಿ ಬೇಕಾದರೂ ಕೊಟ್ಟು ತೆಗೆದುಕೊಂಡು, ಕೊನೆಯ ಲೆಕ್ಕವನ್ನು ಮಾತ್ರ ಬ್ಲಾಕ್‌ಗೆ ಹಾಕುತ್ತಾರೆ. ಆದರೆ ಇಲ್ಲಿ ಉದ್ರಿ ಇಲ್ಲ. ಹಣವನ್ನು ಮೊದಲೇ ಕಟ್ಟಿಟ್ಟಿರಬೇಕು, ಮೋಸ ಮಾಡಿದವನು ಅದನ್ನು ಕಳೆದುಕೊಳ್ಳುತ್ತಾನೆ. ನನ್ನ ಚಾನೆಲ್, ನಿಮ್ಮ ಚಾನೆಲ್, ನಡುವಿನವರ ಚಾನೆಲ್ ಸೇರಿ ಹಣ ಕ್ಷಣದಲ್ಲಿ ದಾಟುತ್ತದೆ. ನಾನು ಬಳಸಿದ್ದೇನೆ. ಕೆಲಸ ಮಾಡುವಾಗ ಅದ್ಭುತವಾಗಿ ಕೆಲಸ ಮಾಡುತ್ತದೆ.

ತೊಂದರೆ ಬಾಗಿಲಲ್ಲೇ ಇದೆ. ಚಾನೆಲ್ ತೆರೆಯಲು ಬ್ಲಾಕ್‌ನಲ್ಲಿ ಒಂದು ವಹಿವಾಟು ಬೇಕು. ಸೆಕೆಂಡಿಗೆ ಏಳು ಅಂತಲೇ ಹಿಡಿದರೂ ದಿನಕ್ಕೆ ಆರು ಲಕ್ಷ, ವರ್ಷಕ್ಕೆ ಸುಮಾರು 22 ಕೋಟಿ. ಭಾರತದ 140 ಕೋಟಿ ಜನರಿಗೆ ತಲಾ ಒಂದೇ ಒಂದು ವಹಿವಾಟು ಕೊಡಲು ಆರು ವರ್ಷಕ್ಕಿಂತ ಜಾಸ್ತಿ ಬೇಕು, ಪ್ರಪಂಚದ ಬೇರೆ ಯಾರೂ ಬಳಸದೆ ಸುಮ್ಮನಿದ್ದರೆ. ಶುಲ್ಕ 20 ಡಾಲರ್ ಇರುವ ದಿನ ಐನೂರು ರೂಪಾಯಿಯ ಚಾನೆಲ್ ತೆರೆಯುವುದಕ್ಕೆ ಅರ್ಥವೇ ಇಲ್ಲ. ಹಾಗಾಗಿ ಸಣ್ಣ ಬಳಕೆದಾರರಲ್ಲಿ ತುಂಬಾ ಜನ ತಮ್ಮ ನಾಣ್ಯವನ್ನು ಯಾವುದೋ ಕಂಪನಿಯ ಕೈಗೆ ಕೊಟ್ಟು, ಅವರ ಆ್ಯಪ್‌ನಲ್ಲಿ ಲೈಟ್ನಿಂಗ್ ಬಳಸುತ್ತಾರೆ. ಕಂಪನಿ ಮುಚ್ಚಿದರೆ ಹಣ ಹೋಯಿತು. ಯಾರನ್ನೂ ನಂಬದೆ ಬಳಸುವ ಹಕ್ಕಿಗಾಗಿ ನಾವು ಬ್ಲಾಕ್ ಚಿಕ್ಕದಾಗಿ ಇಟ್ಟೆವು. ಬ್ಲಾಕ್ ಚಿಕ್ಕದಾಗಿದ್ದಕ್ಕೇ ಬಡವರು ಮತ್ತೆ ಒಬ್ಬರನ್ನು ನಂಬಬೇಕಾಗಿ ಬಂದಿದೆ. ನಾನು ಬಾಕಿ ಅಂದದ್ದು ಇದನ್ನೇ.

ಬೇರೆ ಜಾಲಗಳು ಬೇರೆ ದಾರಿ ಹಿಡಿದವು. ಎಥೀರಿಯಂನಲ್ಲಿ ಬ್ಲಾಕ್‌ನ ಗ್ಯಾಸ್ ಮಿತಿಯನ್ನು, ಅಂದರೆ ಒಂದು ಬ್ಲಾಕ್‌ನಲ್ಲಿ ಹಿಡಿಸುವ ಕೆಲಸದ ಮಿತಿಯನ್ನು, ಬ್ಲಾಕ್ ಮಾಡುವ ವ್ಯಾಲಿಡೇಟರ್‌ಗಳೇ ಸ್ವಲ್ಪ ಸ್ವಲ್ಪ ಏರಿಸಬಹುದು. 2025ರ ಫೆಬ್ರವರಿಯಲ್ಲಿ ಅದು 3 ಕೋಟಿಯಿಂದ 3.6 ಕೋಟಿಗೆ ಏರಿತು, ದೊಡ್ಡ ಗಲಾಟೆಯೇನೂ ಆಗಲಿಲ್ಲ. ಸೊಲಾನಾ ವೇಗಕ್ಕೇ ಮೊದಲ ಜಾಗ ಕೊಟ್ಟಿತು. ಅದು 2021ರ ಸೆಪ್ಟೆಂಬರ್‌ನಲ್ಲಿ ಸುಮಾರು 17 ಗಂಟೆ ನಿಂತೇ ಹೋಗಿತ್ತು. ಅವರ ಆಯ್ಕೆ ತಪ್ಪು ಎಂದು ನಾನು ಹೇಳುವುದಿಲ್ಲ, ನನಗೆ ಬೇಕಾದದ್ದು ಅದಲ್ಲ.

ಹಾಗಾದರೆ ಬಿಟ್‌ಕಾಯಿನ್‌ನಲ್ಲಿ ಮಿತಿ ಏರಿಸಲೇಬಾರದೇ? ವರ್ಷಗಳ ಮುಂಚೆ ಹೇಳಿ, ಮನೆಯ ನೋಡ್ ನಿಲ್ಲದಷ್ಟು ಸಣ್ಣದಾಗಿ ಏರಿಸುವುದಾದರೆ ನಾನು ಒಪ್ಪುತ್ತೇನೆ. ಆದರೆ 2017ರ ಗಾಯ ಎಷ್ಟು ಆಳ ಎಂದರೆ ಈ ಮಾತೆತ್ತುವವರನ್ನು ಈಗಲೂ ದ್ರೋಹಿಯಂತೆ ನೋಡುತ್ತಾರೆ. ಅದೂ ಅಲ್ಲದೆ ಎರಡು ಪಟ್ಟು ಮಾಡಿದರೆ ಆರು ವರ್ಷ ಮೂರಾಗುತ್ತದೆ, ಅಷ್ಟೇ. ಬರೀ ಗಾತ್ರದಿಂದ 140 ಕೋಟಿ ಜನ ಈ ಜಾಲದೊಳಗೆ ಬರುವುದಿಲ್ಲ. ಒಂದೇ ವಹಿವಾಟನ್ನು ನೂರಾರು ಜನ ಹಂಚಿಕೊಂಡು, ಆದರೂ ಪ್ರತಿಯೊಬ್ಬರೂ ತಮ್ಮ ಪಾಲನ್ನು ಯಾರ ಅಪ್ಪಣೆಯೂ ಇಲ್ಲದೆ ತೆಗೆದುಕೊಂಡು ಹೋಗುವಂತೆ ಆಗಬೇಕು.

2020ರಿಂದ ಚರ್ಚೆಯಲ್ಲಿರುವ ಬಿಐಪಿ 119 ಆ ದಿಕ್ಕಿನ ಒಂದು ಹೆಜ್ಜೆ. ನಾಣ್ಯ ಮುಂದೆ ಹೇಗೆ ಖರ್ಚಾಗಬೇಕು ಎಂಬುದನ್ನು ಮೊದಲೇ ಕಟ್ಟಿಡಲು ಅದು ಅವಕಾಶ ಕೊಡುತ್ತದೆ. ಅದನ್ನು ಬರೆದ ಜೆರೆಮಿ ರೂಬಿನ್ ಜಾರಿಗೆ ತರೋಣ ಎಂದು 2022ರಲ್ಲಿ ಹೊರಟಾಗ, ಅವಸರ ಬೇಡ ಎಂದು ತುಂಬಾ ಜನ ತಡೆದರು. ಈ ನಡುವೆ ಜಗಳ ಬೇರೆ ಕಡೆ ಹೊರಳಿದೆ. 2025ರ ಅಕ್ಟೋಬರ್‌ನಲ್ಲಿ ಬಂದ ಬಿಟ್‌ಕಾಯಿನ್ ಕೋರ್ ಎಂಬ ಮುಖ್ಯ ನೋಡ್ ತಂತ್ರಾಂಶದ 30ನೇ ಆವೃತ್ತಿ, ವಹಿವಾಟಿನಲ್ಲಿ ಹಣಕ್ಕೆ ಸಂಬಂಧವಿಲ್ಲದ ಡೇಟಾ ಇಡುವ ಜಾಗದ ಮಿತಿಯನ್ನು ತುಂಬಾ ಸಡಿಲಿಸಿತು. ಸಿಟ್ಟಾದವರು ನಾಟ್ಸ್ ಎಂಬ ಬೇರೆ ಆವೃತ್ತಿಗೆ ಬದಲಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಚಿತ್ರ ತುಂಬಿಸಲು ನಾವು ಈ ಜಾಗ ಉಳಿಸಿಕೊಂಡದ್ದಲ್ಲ. ಆದರೆ ಆ ಸಿಟ್ಟಿನ ಸ್ವಲ್ಪ ಭಾಗವಾದರೂ ಉಡುಪಿಯ ಆ ಹುಡುಗನ ಪರವಾಗಿ ಖರ್ಚಾಗಲಿ ಅಂತ ನನ್ನ ಆಸೆ. ನಾನು ಸದ್ಯ ಬಿಐಪಿ 119ರ ಪರ ಇದ್ದೇನೆ. ಅದರಿಂದ ಹುಟ್ಟಬಹುದಾದ ತೊಂದರೆಗಳ ಬಗ್ಗೆ ವಿರೋಧಿಗಳು ಎತ್ತಿರುವ ಪ್ರಶ್ನೆಗಳನ್ನೂ ಓದುತ್ತಿದ್ದೇನೆ. ಬಲವಾದ ಉತ್ತರ ಇರುವವರು ಎರಡೂ ಕಡೆಯಿಂದ ಬರೆಯಿರಿ, ಇಲ್ಲಿ ಯಾರ ಮಾತನ್ನೂ ಅಳಿಸುವುದಿಲ್ಲ.